ಇಡೀ ದೇವಯಾನಿ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಕಪಾಟು ಒರೆಸುತ್ತಾ ಒಂದು ಕಪ್ಪು ಬಳೆಯನ್ನು ಎತ್ತಿ ಹಿಡಿದು, "ಇದು ಯಾವ ಮಿಕ್ಸೀದೂರೀ? ಯಾವ ಜಾರಿಗೂ ಕೂರ್ತಿಲ್ಲ" ಎಂದಳು. ಅದು ಮಿಕ್ಸಿಯದಲ್ಲ, ಬ್ರಹ್ಮಾಂಡದ್ದು ಎಂದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇಂಥ ಉತ್ತರಗಳಿಗೆ ಅವಳು ನಿಂತು ಕಾಯುವುದಿಲ್ಲ. ಬಳೆ ನನ್ನ ಕೈಗೆ ಬಂತು.

ಅದು ನನ್ನ ಅಕ್ಕನದು. ಟೆಲಿಸ್ಕೋಪಿನ ಬಾಲಕ್ಕೆ ಕ್ಯಾಮೆರಾ ಕೂಡಿಸುವ ಬಳೆ. ಅಕ್ಕ ಅಜ್ಜಂಪುರದ ಸುತ್ತಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆ ವಯಸ್ಸಿನಲ್ಲಿ ಜನ ಕಾಶಿಗೆ ಹೋಗುತ್ತಾರೆ, ಇಲ್ಲವೇ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ಇವಳು ಟೆಲಿಸ್ಕೋಪು ಕೊಳ್ಳುತ್ತೇನೆಂದಳು.

"ಜನ್ಮವೆಲ್ಲ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೊಟ್ಟೆ ಬರೆದು, ಇದೇ ದೇವಯಾನಿ, ನಮ್ಮ ಪಕ್ಕದ ಗ್ಯಾಲಕ್ಸಿ ಅಂದೆ ಕಣೋ. ಪಾಪ, ಹುಡುಗ್ರು ನಂಬಿದ್ರು. ಸಾಯೋದ್ರೊಳಗೆ ನಮ್ಮೂರ ಆಕಾಶದಲ್ಲೇ ಅದನ್ನ ಇಡಿಯಾಗಿ ಒಂದು ಫೋಟೋದಲ್ಲಿ ಹಿಡೀಬೇಕು."

ಈ 'ಇಡಿಯಾಗಿ' ಎಂಬುದೇ ಸಂಕಟದ ಮೂಲ. ದೇವಯಾನಿ ಬಲು ಮಬ್ಬು, ಗಾಢ ಕತ್ತಲಲ್ಲಷ್ಟೇ ಕಾಣುವಂಥದು. ಆದರೆ ಅಗಲದಲ್ಲಿ ಹುಣ್ಣಿಮೆಯ ಚಂದ್ರರನ್ನು ಐದಾರು ಮಂದಿ ಪಕ್ಕಪಕ್ಕ ಕೂರಿಸಿದಷ್ಟು. ಟೆಲಿಸ್ಕೋಪಿನ ವಿಷಯದಲ್ಲಿ ಅಕ್ಕ ನನ್ನನ್ನೂ ಒಂದು ಮಾತು ಕೇಳಿದಳು. ಉದ್ದವಿದ್ದದ್ದಕ್ಕೆಲ್ಲ ಘನತೆ ಉಂಟೆಂದು ನಂಬಿದ ಕಾಲದವನು ನಾನು. ಅತ್ಯಂತ ಉದ್ದದ ಕೊಳವೆಯನ್ನೇ ತರಿಸೆಂದು ಗಂಭೀರವಾಗಿ ಸಲಹೆ ಕೊಟ್ಟೆ. ಕೊಳವೆ ಉದ್ದವಾದಷ್ಟೂ ನೋಟ ಕಿರಿದಾಗುತ್ತದೆ ಎಂಬುದು ನನಗಾಗಲಿ, ನನ್ನ ಗಾಂಭೀರ್ಯಕ್ಕಾಗಲಿ ತಿಳಿದಿರಲಿಲ್ಲ. ಮೊದಲ ಚಿತ್ರದಲ್ಲಿ ನಡುವಿನ ಬೆಳ್ಳನೆ ಉಂಡೆಯೊಂದೇ ಬಂತು. ಮದುವೆಮನೆಯ ಗ್ರೂಪ್ ಫೋಟೋದಲ್ಲಿ ಪುರೋಹಿತರ ಹೊಟ್ಟೆ ಮಾತ್ರ ಬಿದ್ದ ಹಾಗೆ.

"ನಿನ್ನ ಸಲಹೆ ಚೆನ್ನಾಗಿ ಮೂಡಿದೆ" ಎಂದಳು ಅಕ್ಕ.

ಆಮೇಲೆ ಶುರುವಾಯಿತು ನೋಡಿ, ಜೋಡಿ ಕೂಡಿಸುವ ಕೆಲಸ. ಉದ್ದನೆಯದು ಹೋಗಿ ಗಿಡ್ಡನೆಯ ಕೊಳವೆ ಬಂತು. ಆಗಲೂ ದೇವಯಾನಿಯ ಎರಡು ತುದಿ ಹೊರಗೇ ಉಳಿದವು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಬಿಲ್ಲೆ ಉಗುರಿನಷ್ಟು ಚಿಕ್ಕದು. ದೊಡ್ಡ ಬಿಲ್ಲೆಯ ಕ್ಯಾಮೆರಾ ತಂದರೆ ಚಿತ್ರದ ಮೂಲೆಗಳು ಮಸಿ ಹಿಡಿದವು. ಆ ಕೊಳವೆ ಅಷ್ಟು ಅಗಲಕ್ಕೆ ಬೆಳಕು ಬಡಿಸಲಾರದು. ಕೊಳವೆ ಬದಲಾಯಿಸಿದರೆ ಅಂಚಿನ ನಕ್ಷತ್ರಗಳಿಗೆಲ್ಲ ಬಾಲ ಬಂತು. ಕೊನೆಗೆ ಈ ಬಳೆಯ ಹಿಂದೆ ಕಾಗದದಷ್ಟು ತೆಳ್ಳಗಿನ ವಾಷರುಗಳನ್ನು ಒಂದೊಂದಾಗಿ ಸೇರಿಸುತ್ತಾ, ತೆಗೆಯುತ್ತಾ ಕೂತಳು. ಜಾತಕ ಕೂಡಿಸುವವರು ಇದರ ಮುಂದೆ ಏನೂ ಅಲ್ಲ. ಅವರಿಗೆ ಹತ್ತು ಗುಣ ಕೂಡದಿದ್ದರೂ ಮದುವೆ ನಡೆದುಹೋಗುತ್ತದೆ.

ನನ್ನ ಪಾಲಿಗೆ ಬಂದದ್ದು ಸ್ಕೂಟರು ಮತ್ತು ಕೊಳವೆ, ಕ್ಯಾಮೆರಾ, ಬಳೆ ತುಂಬಿದ ಚೀಲ. ಕಡೂರಿನ ಕಡೆ ಹೆದ್ದಾರಿಯ ಬೆಳಕು, ತರೀಕೆರೆಯ ಕಡೆ ಊರಿನ ಬೆಳಕು. ನಡುವೆ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಒಂದು ಬುಟ್ಟಿಯಷ್ಟು ಕತ್ತಲು ಉಳಿದಿತ್ತು. ಕಣ್ಣು ಕತ್ತಲಿಗೆ ಒಗ್ಗಿರಲೆಂದು ಅಕ್ಕ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು, ಮಂಕು ಬೆಳಕಿನಲ್ಲಿ ತಡವರಿಸುತ್ತಾ ತಿರುಪು ಬಿಗಿಯುತ್ತಿದ್ದಳು. ಹಳ್ಳಿಯವರು ಹೋಗುತ್ತಾ ಬರುತ್ತಾ ನೋಡುತ್ತಿದ್ದರು.

ಮಾಘದಲ್ಲಿ ಒಂದು ಸಂಜೆ ಎಲ್ಲವೂ ಕೂಡಿತು. ಮೂಲೆಯಿಂದ ಮೂಲೆಗೆ ನಕ್ಷತ್ರಗಳು ಸಾಸಿವೆ ಕಾಳಿನ ಹಾಗೆ ದುಂಡಗೆ ಬಂದವು. ಆದರೆ ದೇವಯಾನಿ ಅಷ್ಟರಲ್ಲಿ ಪಶ್ಚಿಮಕ್ಕೆ ಇಳಿದಿದ್ದಳು. ಇರಲಿ, ಕಾರ್ತಿಕಕ್ಕೆ ನೆತ್ತಿಯ ಮೇಲೆ ಬರುತ್ತಾಳೆ ಎಂದು ಅಕ್ಕ ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಹಾಡಿಕೊಳ್ಳುತ್ತಾ ಬಂದಳು. ಅವಳಿಗೆ ಹಾಡಲು ಬರುವುದಿಲ್ಲ.

ಮಳೆಗಾಲ ಕಳೆಯಿತು. ಕಾರ್ತಿಕ ಹುಟ್ಟಿದ ವಾರದಲ್ಲೇ ಒಬ್ಬ ಬಾಗಿಲಿಗೆ ಬಂದು ಅಕ್ಕನ ಕಾಲಿಗೆ ಬಿದ್ದ.

"ಮೇಡಂ, ನಾನು ರುದ್ರೇಶ. ಬೆಳಕಿನ ಪಾಠದಲ್ಲಿ ಫೇಲಾಗಿದ್ನಲ್ಲ, ಅವನೇ! ಈಗ ಎಲೆಕ್ಟ್ರಿಕಲ್ ಕಂಟ್ರಾಕ್ಟರು. ನೀವು ಆ ಏರಿ ಮೇಲೆ ಕತ್ತಲಲ್ಲಿ ಒದ್ದಾಡೋದು ನೋಡಿ ಹೊಟ್ಟೆ ಉರ್ದೋಯ್ತು. ಟಾರ್ಚಲ್ಲಿ ಸೆಲ್ಲು ಕೂಡ ಇರ್ಲಿಲ್ಲ! ಹುಡುಗ್ರೆಲ್ಲ ಸೇರಿ ನಿಮಗೋಸ್ಕರ ಲೈಟು ಹಾಕ್ಸಿದೀವಿ. ಸಂಜೆ ನೀವೇ ಬಂದು ಸ್ವಿಚ್ ಹಾಕ್ಬೇಕು."

ಹೋದೆವು. ತೆಂಗಿನಮರಕ್ಕಿಂತ ಎತ್ತರದ ಕಂಬ, ಅದರ ತಲೆಯ ಮೇಲೆ ಸುತ್ತಲೂ ದೀಪ. ಅಕ್ಕನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಬಾಯಿ ತೆರೆಯಹೋದೆ. ಅಕ್ಕ ನನ್ನ ತೋಳು ಚಿವುಟಿ "ಸುಮ್ನಿರೋ" ಎಂದಳು. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬಳು ಮುಂದೆ ಬಂದು, "ನಿಮ್ಮಿಂದ ಒಳ್ಳೇದಾಯ್ತು ಕಣಮ್ಮ. ಡೈರಿಗೆ ಹೋಗೋವಾಗ ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ವಿ" ಎಂದಳು. ಇದಕ್ಕೆ ಎದುರಾಗಿ ಯಾವ ಗ್ಯಾಲಕ್ಸಿಯ ಪರವಾಗಿ ಯಾರು ವಾದಿಸುತ್ತಾರೆ, ಹೇಳಿ?

ಅಕ್ಕ ಸ್ವಿಚ್ ಒತ್ತಿದಳು. ಚಪ್ಪಾಳೆ ಬಿತ್ತು. ತಲೆ ಎತ್ತಿ ನೋಡಿದ್ದು ನಾನೊಬ್ಬನೇ, ಅಕ್ಕ ನೋಡಲಿಲ್ಲ.

"ಚೆನ್ನಾಗಿದೆ ಕಣೋ ರುದ್ರೇಶ. ಇನ್ಮೇಲೆ ಹಾವು-ಗೀವು ಕಾಣ್ಸುತ್ತೆ."

ವಾಪಸು ಬರುವಾಗ, ಬುಕ್ಕಾಂಬುಧಿಯ ಕಡೆ ಬೇರೆ ಏರಿ ಹುಡುಕೋಣ ಎಂದೆ. ಅವಳು ಹೆಗಲ ಶಾಲು ತೆಗೆದು ಮಡಿಚಿಕೊಂಡಳು. ಆಮೇಲೆ, "ಅಲ್ಲೂ ನನ್ನ ಹುಡುಗ್ರೇ ಇರ್ತಾರೆ ಕಣೋ" ಎಂದಳು. ಮತ್ತೆ ಅವಳು ಆ ಚೀಲ ಕೇಳಲಿಲ್ಲ. ಅದು ನನ್ನ ಮನೆಯಲ್ಲೇ ಉಳಿಯಿತು.

ಇವತ್ತು ಸಂಜೆ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ತಾರಸಿ ಹತ್ತಿದೆ. ಸುತ್ತಲ ಬೀದಿಗಳ ಬೆಳಕಿಗೆ ಆಕಾಶ ಅಕ್ಕಿ ತೊಳೆದ ನೀರಿನ ಹಾಗಿತ್ತು. ಯಾಕೋ ಅಕ್ಕನಿಗೆ ಫೋನು ಮಾಡಿ, "ಇಲ್ಲಿ ಕತ್ತಲಾಗಿದೆ, ದೇವಯಾನಿ ಕಾಣಿಸ್ತಿದೆ" ಎಂದುಬಿಟ್ಟೆ.

"ಯಾವ ದಿಕ್ಕಿಗೆ?"

"ನೆತ್ತಿ ಮೇಲೇ."



"ಈ ಚೈತ್ರದಲ್ಲಿ ಅದು ಹೆಚ್ಚುಕಮ್ಮಿ ಸೂರ್ಯನ ಜೊತೇಲೇ ಹುಟ್ಟಿ, ಸೂರ್ಯನ ಜೊತೇಲೇ ಮುಳುಗುತ್ತೆ ಕಣೋ" ಎಂದಳು, ದಡ್ಡ ಹುಡುಗನಿಗೆ ಹೇಳುವಷ್ಟು ಮೆತ್ತಗೆ. "ಹೋಗ್ಲಿ ಬಿಡು. ಊಟ ಆಯ್ತಾ?"

ಆಯಿತು ಎಂದೆ. ಅದೊಂದು ಮಾತ್ರ ನಿಜ.