ದೋಣಿಯ ಇಂಜಿನ್ನಿಗೆ ಕಟ್ಟಿದ ಖಣ

ಟಿಕೋಟದ ಸಿಕಂದರ ಸಮುದ್ರ ಕಂಡವನು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಮುಂಬಯಿ ಬಂದರಿನಲ್ಲಿ ಸಣ್ಣ ದೋಣಿಗಳ ಡೀಸೆಲ್ ಇಂಜಿನ್ ರಿಪೇರಿ ಮಾಡಿದ್ದ. ಯುದ್ಧ ಮುಗಿದು ಆ ಇಂಜಿನ್ನುಗಳು ಹರಾಜಿಗೆ ಬಂದಾಗ ಒಂದನ್ನು ಬಬಲೇಶ್ವರದ ಬಸಗೊಂಡಪ್ಪನಿಗೆ ಕೊಡಿಸಿದವನೂ ಅವನೇ. ನೀರಿಲ್ಲದ ನಮ್ಮ ನಾಡಿಗೆ ದೋಣಿಯ ಇಂಜಿನ್ನು! ಜನ ನಕ್ಕರು. ಅದಕ್ಕೆ ಜೋಡಿಸಿದ ಹಿಟ್ಟಿನ ಗಿರಣಿ ತಿರುಗಿದ ದಿನ ನಕ್ಕವರೇ ಜೋಳದ ಬುಟ್ಟಿ ಹೊತ್ತು ಸಾಲಾಗಿ ನಿಂತರು. ಇಂಜಿನ್ ನೋಡಿಕೊಳ್ಳುವ ಕೆಲಸ ಸಿಕಂದರನಿಗೇ ಸಿಕ್ಕಿತು.

ಮರುವರ್ಷ ಇಂಜಿನ್ನು ಎಣ್ಣೆ ಕಾರತೊಡಗಿತು. ಒಂದು ಸಂದು ಬಿಗಿ ಮಾಡಿದರೆ ಇನ್ನೊಂದರಲ್ಲಿ ಸೋರುತ್ತಿತ್ತು. ನೆಲವೆಲ್ಲ ಕರಿ ಎಣ್ಣೆ, ಹಿಟ್ಟಿಗೂ ಅದರದೇ ವಾಸನೆ. ಆಗ ಬಸಗೊಂಡಪ್ಪನ ಹೆಂಡತಿ ಶಂಕ್ರೆವ್ವ ಬಸುರಿ.

"ಕೂಸಿನ್ನ ತೊಟ್ಟಿಲಕ್ಕ ಹಾಕೂದರೊಳಗ ಈ ಸೋರೂದು ನಿಲ್ಲಬೇಕು ನೋಡು. ಇಲ್ಲಾಂದ್ರ ವಿಜಾಪುರದಿಂದ ಬ್ಯಾರೆ ಮಿಸ್ತ್ರೀನ ಕರಸ್ತೀನಿ," ಎಂದ ಬಸಗೊಂಡಪ್ಪ.

ಸಿಕಂದರ ಇಂಜಿನ್ನನ್ನು ಒರೆಸಿ, ಮೈತುಂಬ ಜೋಳದ ಹಿಟ್ಟು ಉದುರಿಸಿ, ಚಾಲೂ ಮಾಡಿ ಕುಕ್ಕರಗಾಲಲ್ಲಿ ಕುಳಿತ. ಎಲ್ಲಿ ಜಿನುಗುತ್ತದೋ ಅಲ್ಲಿ ಹಿಟ್ಟು ಕಪ್ಪಾಗಬೇಕು. ಎಲ್ಲ ಸಂದುಗಳಲ್ಲೂ ಕಪ್ಪಾಯಿತು! ಅಂದರೆ ತಪ್ಪು ಸಂದುಗಳದಲ್ಲ. ಒಳಗಿನ ಗಾಳಿ ಹೊರದಾರಿ ಕಾಣದೆ ಎಣ್ಣೆಯನ್ನು ದಬ್ಬುತ್ತಿದೆ. ಆ ಗಾಳಿ ಹೋಗಲೆಂದೇ ಇಂಜಿನ್ನಿನ ನೆತ್ತಿಯ ಮೇಲೆ ಒಂದು ನಳಿಗೆ ಇತ್ತು. ಅದರ ಬಾಯಿಗೆ ಖಣ, ಅಂದರೆ ದೇವಿಗೆ ಏರಿಸುವ ಕುಪ್ಪಸದ ಬಟ್ಟೆ, ಕಟ್ಟಿತ್ತು.

ಕಟ್ಟಿದವಳು ಬಸಗೊಂಡಪ್ಪನ ತಾಯಿ ಗೌರಾಬಾಯಿ. ಅಮಾವಾಸ್ಯೆಗೊಮ್ಮೆ ಇಂಜಿನ್ನಿಗೆ ಪೂಜೆ ಮಾಡಿ, ದೇವಿಗೆ ತುಂಬಿದಂತೆ ಉಡಿ ತುಂಬುತ್ತಿದ್ದಳು. ಸೊಸೆ ಬಸುರಾದ ಮೇಲೆ ಹರಕೆ ಹೊತ್ತು ಖಣದ ಮೇಲೆ ಖಣ ಬಿಗಿದಿದ್ದಳು. ಎಣ್ಣೆ, ಹಿಟ್ಟು ಕುಡಿದು ಅವೆಲ್ಲ ಕಟಕರೊಟ್ಟಿಯಂತೆ ಗಟ್ಟಿಯಾಗಿದ್ದವು.

"ಯವ್ವಾ, ಅದು ಇಂಜಿನ್ ಉಸರ ಬಿಡೂ ನಳಗಿರಿ. ಖಣ ಬಾಜೂಕ ಕಟ್ಟೂಣ್ರಿ."

"ಸೊಸಿದು ಎರಡ ಕೂಸು ಮಣ್ಣಾಗ ಇಟ್ಟೇನಪಾ. ಹೆರಿಗಿ ಆಗೂತನಾ ಗಂಟ ಬಿಚ್ಚೂದಿಲ್ಲಂತ ಬೇಡಿಕೊಂಡೇನಿ. ಬಿಚ್ಚಿ ಏನರ ಹೆಚ್ಚುಕಡಿಮಿ ಆದ್ರ ನೀ ಜವಾಬು ಕೊಡ್ತೀಯೇನು?"

ಸಿಕಂದರ ಮಾಲಕನ ಮುಖ ನೋಡಿದ. ಮಾಲಕ ನೆಲ ನೋಡಿದ. ಸಿಕಂದರ ಇಂಜಿನ್ನಿನ ಅಡಿಗೆ ತಗಡಿನ ಡಬ್ಬಿ ಇಟ್ಟು, ಸೋರಿದ್ದನ್ನು ಸೋಸಿ ಮತ್ತೆ ಸುರಿಯುತ್ತ ದಿನ ದೂಡಿದ. ಕಾರಣ ಗೊತ್ತಿದ್ದೂ ಕೈಕಟ್ಟಿ ನಿಲ್ಲುವ ಸಂಕಟ ಶತ್ರುವಿಗೂ ಬೇಡ.

ಹೆಣ್ಣು ಕೂಸು ಹುಟ್ಟಿತು. ಅದು ಅತ್ತ ಜೋರಿಗೆ ಓಣಿಯೇ ನಕ್ಕಿತು. ತೊಟ್ಟಿಲ ದಿನ ಗೌರಾಬಾಯಿ ಬಂದು ಖಣಗಳನ್ನೆಲ್ಲ ಬಿಚ್ಚಿದಳು. ಸಿಕಂದರ ಇಂಜಿನ್ ಚಾಲೂ ಮಾಡಿದ. ನಳಿಗೆ ಪುಸುಪುಸು ಹೊಗೆ ಬಿಟ್ಟಿತು, ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಅವನು ಡಬ್ಬಿಯನ್ನು ಮೂಲೆಗೆ ಸರಿಸಿದ.

"ನೋಡಿದ್ಯಾ? ನೀ ಹುಡುಕಿ ಹುಡುಕಿ ಸಾಕಾದಿ. ದೇವಿ ಒಂದ ದಿನದಾಗ ನಿಲ್ಲಿಸಿದಳು," ಎಂದಳು ಗೌರಾಬಾಯಿ.

ಕೆಲಸ ಉಳಿಯಿತೆಂಬ ಖುಷಿಗೆ ಸಿಕಂದರ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಆಕೆ ಸೆರಗಿನೊಳಗಿಂದ ಹೊಸ ಖಣ ತೆಗೆದು, ಅದೇ ನಳಿಗೆಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಇದು ಯಾವಾಗ ಬಿಚ್ಚೂದ್ರಿ, ಯವ್ವಾ?"

"ಬಿಚ್ಚೂದ? ಬಿಡ್ತು ಅನ್ನು! ಇದು ಕೂಸಿನ ಆಯುಷ್ಯಕ್ಕ ಕಟ್ಟೇನಿ."

ಸಿಕಂದರ ಮೂಲೆಯಿಂದ ಡಬ್ಬಿ ತಂದು ಮತ್ತೆ ಇಂಜಿನ್ನಿನ ಅಡಿಗೆ ಇಟ್ಟ.