ನಜ್ಮುನ್ನೀಸಾಳ ಗಿಡಕ್ಕೆ ಇಂದ್ರಮ್ಮ ಹಾಕಿದ ಮಣ್ಣು

ಭಾರತೀನಗರದ ನಮ್ಮ ಬೀದಿಯಲ್ಲಿ ಇಂದ್ರಮ್ಮನ ಎದುರು ಮಣ್ಣಿನ ಬಗ್ಗೆ ಮಾತಾಡುವ ಧೈರ್ಯ ಯಾರಿಗೂ ಇಲ್ಲ. ಕಬ್ಬಿನ ಗದ್ದೆಗೆ ಗಂಡ ಪುಟ್ಟಸ್ವಾಮಿಯೇ ಯಜಮಾನನಿರಬಹುದು, ಯಾವ ಗದ್ದೆಗೆ ಎಷ್ಟು ಗೊಬ್ಬರ ಎನ್ನುವುದು ಮಾತ್ರ ಇಂದ್ರಮ್ಮನ ಬಾಯಿಂದಲೇ ಬರಬೇಕು. ಬೇಸಿಗೆಯಲ್ಲಿ ಕೆರೆಯಿಂದ ಎತ್ತಿದ ಗೋಡುಮಣ್ಣನ್ನು ಗದ್ದೆಗೆ ಹೊಡೆಸುವಾಗ ಆಕೆ ಟ್ರ್ಯಾಕ್ಟರಿನ ಹಿಂದೆಯೇ ಓಡಾಡುತ್ತಾಳೆ. ಆ ಕಪ್ಪು ಮಣ್ಣಿಗೆ ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಆಕೆಯ ನಂಬಿಕೆ. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ಕೇಳದಿದ್ದರೂ ಉಪಕಾರ ಮಾಡುವ ಚಾಳಿ ಇದೆಯಲ್ಲ, ಅದಕ್ಕೆ ಮದ್ದಿಲ್ಲ.

ಪಕ್ಕದ ಮನೆ ನಜ್ಮುನ್ನೀಸಾಳದು. ಆಕೆಯ ಗಂಡ ಜಕೀವುಲ್ಲಾ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದು, ನಿವೃತ್ತನಾದ ಮೇಲೆ ಇಲ್ಲಿ ಮನೆ ಮಾಡಿದವನು. ಬರುವಾಗ ಕ್ವಾರ್ಟರ್ಸಿನ ಕಿಟಕಿಯಲ್ಲಿ ಬೆಳೆಸಿದ್ದ ಕೆಂಪು ಹೂವಿನ ಆಂಥೂರಿಯಂ ಗಿಡವನ್ನು ಲಾರಿಗೆ ಹಾಕದೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹೋದ ವರ್ಷ ಆತ ತೀರಿಕೊಂಡ. ಅಂದಿನಿಂದ ನಜ್ಮುನ್ನೀಸಾ ದಿನಾ ಬೆಳಿಗ್ಗೆ ಅದರ ಎಲೆ ಒರೆಸುತ್ತಾ, ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಅದರ ಮುಂದೆ ಹೇಳುತ್ತಿದ್ದಳು. ನಮಗೆಲ್ಲ ಅದು ಗೊತ್ತಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ.

ಮಗ ಝುಬೇರ್ ತಾಯಿಯನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕರೆದುಕೊಂಡು ಹೊರಟ. ಬರುವಾಗ ರಾಮನಗರದ ಮಗಳ ಮನೆಯಲ್ಲೂ ಒಂದಷ್ಟು ದಿನ ಇದ್ದು ಬರುವುದೆಂದಾಯಿತು. ನಜ್ಮುನ್ನೀಸಾ ಕುಂಡವನ್ನು ತಂದು ಇಂದ್ರಮ್ಮನ ನಡುಮನೆಯಲ್ಲಿಟ್ಟಳು.

"ಇಂದ್ರಕ್ಕ, ಮೇಲ್ಗಡೆ ಒಣಗಿದ್ರೆ ಮಾತ್ರ ಒಂಚೂರು ನೀರು ಹಾಕಿ. ಬೇರೆ ಏನೂ ಬ್ಯಾಡ."

"ಓಗ್ಬುಟ್ಟು ಬಾ ನಜ್ಮಾ, ನನ್ ಮಗೀನಂಗೆ ನೋಡ್ಕೋತೀನಿ," ಎಂದಳು ಇಂದ್ರಮ್ಮ.

ಮಾರನೆಯ ದಿನವೇ ಆಕೆ ಕುಂಡಕ್ಕೆ ಬೆರಳು ಹಾಕಿ ನೋಡಿದಳು. ಒಳಗೆ ತೆಂಗಿನ ಕಾಯಿಮಟ್ಟೆಯ ಚೂರು, ಇದ್ದಿಲು, ಇಟ್ಟಿಗೆಯ ಪುಡಿ. ಮಣ್ಣೆಂಬುದೇ ಇಲ್ಲ!

"ಅಯ್ಯೋ ಪಾಪ, ಒಂದಿಡಿ ಮಣ್ಣೂ ಆಕಿಲ್ವಲ್ರೀ! ಇದೇನ್ ಗಿಡದ ಕುಂಡವಾ, ಒಲೆಯಾ?"

"ಅವ್ರು ನೀರ್ ಆಕು ಅಂದವ್ರೆ. ನೀರ್ ಆಕ್ಬುಟ್ಟು ಸುಮ್ಕಿರು ಕಣೆ," ಎಂದ ಪುಟ್ಟಸ್ವಾಮಿ.

ಸುಮ್ಮನಿರುವ ಪೈಕಿಯೇ ಆಕೆ? ಮಟ್ಟೆ, ಇದ್ದಿಲನ್ನೆಲ್ಲ ತಿಪ್ಪೆಗೆ ಸುರಿದು, ಗದ್ದೆಯಿಂದ ಗೋಡುಮಣ್ಣು ತಂದು, ಸಗಣಿ ಗೊಬ್ಬರ ಬೆರೆಸಿ, ಕುಂಡದ ತುಂಬ ಅದುಮಿ ಗಿಡ ನೆಟ್ಟಳು. ನಜ್ಮಾ ಬಂದು ನೋಡಿ ಬೆರಗಾಗಬೇಕು ಎಂಬ ಆಸೆ.

ಕೆಲವು ದಿನಕ್ಕೆ ಕೆಳಗಿನ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದಳು. ನೀರು ಇಂಗದೆ ಮೇಲೆಯೇ ನಿಂತಿತು. ಸಣ್ಣ ನೊಣಗಳು ಮುತ್ತಿದವು, ಎಲೆಯ ತುದಿ ಕಂದಿತು. ಬಿಸಿಲು ಬೇಕೇನೋ ಎಂದು ಅಂಗಳಕ್ಕಿಟ್ಟರೆ ಇದ್ದ ಎಲೆಯೂ ಸುಟ್ಟಿತು. ಕೊನೆಗೆ ನಾತ ಹೊಡೆಯತೊಡಗಿದಾಗ ಕುಂಡವನ್ನು ಬೋರಲು ಹಾಕಿದಳು. ಮಣ್ಣು ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಹೊರಬಂತು. ಒಳಗಿನ ಬೇರು ಕಪ್ಪಗೆ ಕೊಳೆತು ಬೆರಳಿಗೆ ಅಂಟಿತು. ತಾನು ಕೆಡಿಸಿದ್ದು ಬರೀ ಗಿಡವಲ್ಲ ಎಂದು ಆಕೆಗೆ ಯಾರೂ ಹೇಳಬೇಕಿರಲಿಲ್ಲ.

ಗಿಡವನ್ನು ಚೀಲದಲ್ಲಿಟ್ಟುಕೊಂಡು ಮದ್ದೂರಿನ ಬಸ್ಸು ಹತ್ತಿದಳು. ನರ್ಸರಿಯ ಶಿವರಾಜು ನೋಡಿ ತಲೆ ಕೊಡವಿದ.

"ಇದು ಕಾಡಲ್ಲಿ ಮರದ ಮ್ಯಾಲೆ ಬೆಳೆಯೋ ಜಾತಿ ಕಣಮ್ಮ. ಬೇರಿಗೆ ಗಾಳಿ ಆಡ್ಬೇಕು. ಗೋಡು ಗದ್ದೆಗೆ ಸರಿ, ಮನೆ ಒಳ್ಗಿರೋ ಕುಂಡಕ್ಕಲ್ಲ. ಇಡ್ಕೊಂಡ ನೀರು ಬುಡೋದೇ ಇಲ್ಲ ಅದು."

"ಇನ್ನೇನ್ ಆಕ್ಬೇಕಪ್ಪ?"

"ಕಾಯಿಮಟ್ಟೆ ಚೂರು ನೆನೆಸಿ, ನೀರ್ ಬದಲಾಯ್ಸಿ ಬದಲಾಯ್ಸಿ ತೊಳ್ದು, ಇದ್ಲು, ಇಟ್ಟಿಗೆ ಚೂರು ಸೇರ್ಸಿ. ಅಷ್ಟೇಯ."

ಇಂದ್ರಮ್ಮ ತಿಪ್ಪೆಗೆ ಸುರಿದದ್ದೇ ಅದು. ಶಿವರಾಜು ಕೊಳೆತದ್ದನ್ನೆಲ್ಲ ಕುಯ್ದು ಹಾಕಿದ. ತುದಿಯಲ್ಲಿ ಹೆಬ್ಬೆರಳಷ್ಟು ಹಸಿರು ಕಾಂಡ ಉಳಿಯಿತು. "ಬಂದ್ರೆ ಬಂತು," ಎಂದ.

ಅಷ್ಟನ್ನೇ ತೆಗೆದುಕೊಂಡು ಮನೆಗೆ ಬಂದಿದ್ದರೆ ಆಕೆಯ ತಪ್ಪು ಬರೀ ಪೆದ್ದತನವಾಗುತ್ತಿತ್ತು. ಆದರೆ ಅಲ್ಲಿ ಅಂಥದ್ದೇ ಕೆಂಪು ಹೂವಿನ ಇನ್ನೊಂದು ಗಿಡ ಕಂಡಿತು. ಕೊಂಡು ತಂದು, ಜಕೀವುಲ್ಲಾನ ಹಳೆಯ ಕುಂಡಕ್ಕೇ ನೆಟ್ಟಳು, ಈ ಸಲ ಮಟ್ಟೆ ಇದ್ದಿಲು ಹಾಕಿಯೇ. ಉಳಿದ ತುಂಡನ್ನು ಒಂದು ಹಳೆಯ ಡಬ್ಬಿಗೆ ನೆಟ್ಟು ಅಡುಗೆಮನೆಯ ಕಿಟಕಿಯಲ್ಲಿ ಮರೆಮಾಡಿದಳು. ಪುಟ್ಟಸ್ವಾಮಿ ನೋಡಿದ, ಗದ್ದೆಯ ಕಡೆ ಹೊರಟುಹೋದ. ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು.

ನಜ್ಮುನ್ನೀಸಾ ಬಂದಳು. ಖರ್ಜೂರ, ಮೆಕ್ಕಾದ ಪವಿತ್ರ ಜಂಜಂ ನೀರು ಕೊಟ್ಟಳು. ಗಿಡ ನೋಡಿ ಮುಖ ಅರಳಿತು. "ಏನ್ರೀ, ಇಂದ್ರಕ್ಕ ನನಗಿಂತ ಚೆನ್ನಾಗಿ ನೋಡ್ಕೊಂಡವ್ರೆ ನೋಡಿ," ಎಂದು ಗಿಡದ ಕಡೆ ಬಾಗಿ ಗಂಡನಿಗೆ ಹೇಳಿದಳು. ಇಂದ್ರಮ್ಮ ಖರ್ಜೂರ ಎತ್ತಿಡುವ ನೆಪದಲ್ಲಿ ಅಡುಗೆಮನೆಗೆ ಹೋದಳು.

ಆಮೇಲೆ ದಿನಾ ಬೆಳಿಗ್ಗೆ ಗೋಡೆಯಾಚೆ ಅದೇ ಮಾತು. ಮೊಮ್ಮಗುವಿನ ಹಲ್ಲು, ಮೊಣಕಾಲಿನ ನೋವು, ಮೆಕ್ಕಾದ ಬಿಸಿಲು, ಎಲ್ಲವನ್ನೂ ನಜ್ಮುನ್ನೀಸಾ ಅಂಗಡಿಯ ಗಿಡಕ್ಕೆ ಹೇಳುತ್ತಿದ್ದಳು. ಇಂದ್ರಮ್ಮ ಪಾತ್ರೆ ಸದ್ದು ಮಾಡಿ ಕಿವಿ ತಪ್ಪಿಸುತ್ತಿದ್ದಳು. ತುಂಡು ಬೇರುಬಿಟ್ಟರೆ ಗುಟ್ಟಾಗಿ ಬದಲಾಯಿಸಿಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದೋ, ಚಿಗುರಲೂ ಇಲ್ಲ, ಒಣಗಲೂ ಇಲ್ಲ.

ಒಂದು ಬೆಳಿಗ್ಗೆ ಗೋಡೆಯಾಚೆ ನಜ್ಮುನ್ನೀಸಾ ಬಿಕ್ಕುತ್ತಾ, "ನೀವು ಮುಟ್ಟಿದ್ದು ಅಂತ ಉಳಿದಿರೋದು ಇದೊಂದೇ," ಎಂದದ್ದು ಕೇಳಿಸಿತು. ಇಂದ್ರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಡಬ್ಬಿ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು.

"ನಜ್ಮಾ, ಅದು ಅಂಗಡಿ ಗಿಡ ಕಣವ್ವ. ಜಕೀವಣ್ಣನ ಗಿಡಕ್ಕೆ ಗೋಡು ಆಕಿ ನಾನೇ ಕೊಂದ್ಬುಟ್ಟೆ. ಉಳ್ದಿರೋದು ಇಷ್ಟೇಯ."

ನಜ್ಮುನ್ನೀಸಾ ಎಲೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಡಬ್ಬಿಯನ್ನು ತೆಗೆದುಕೊಂಡು ಆ ತುಂಡಿನ ಮೇಲೆ ಬೆರಳಾಡಿಸಿದಳು.

"ಸತ್ತೋಯ್ತು ಅಂದಿದ್ರೆ ಅತ್ತು ಬುಡ್ತಿದ್ದೆ, ಇಂದ್ರಕ್ಕ. ನೀವು ನನ್ನ ಅಳೋಕೂ ಬುಡ್ಲಿಲ್ವಲ್ಲ."

ಆಮೇಲೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತು ಅತ್ತಳು. ಇಂದ್ರಮ್ಮ ಅಂಗಡಿಯ ಗಿಡವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು. ಮನೆಗೆ ಹೋಗಬೇಕೋ, ಅಲ್ಲೇ ಕೂರಬೇಕೋ ತಿಳಿಯದೆ ಹೊಸ್ತಿಲ ಹತ್ತಿರವೇ ನಿಂತಳು.