ಸೂಜಿಯತ್ತೆಯ ಹೆಚ್ಚುವರಿ ಹೆಜ್ಜೆ

ನನ್ನ ಸೋದರತ್ತೆ ಬಸ್ ಡಿಪೋದಲ್ಲಿ ಸೀಟುಗಳಿಗೆ ಹೊದಿಕೆ ಹೊಲಿಯುವವಳು. ಬಾಗಿದ ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಹರಿದ ರೆಕ್ಸಿನ್ನು, ಇವುಗಳ ನಡುವೆ ಹಗಲು ಕಳೆದು, ಸಂಜೆಯಾದರೆ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕರಾಟೆ ಕಲಿಸುತ್ತಿದ್ದಳು. ಕೆಲಸದಿಂದಲೂ ನಾಲಿಗೆಯಿಂದಲೂ ಅವಳಿಗೆ ಸೂಜಿಯತ್ತೆ ಎಂದೇ ಹೆಸರು. ಕಲಿಯಲು ಬಂದವರಿಗೆ ಅವಳು ಮೊದಲು ಹೇಳಿಕೊಡುತ್ತಿದ್ದದ್ದು ಗುದ್ದುವುದನ್ನಲ್ಲ, ನೆಲ ಒರೆಸುವುದನ್ನು. "ಕೈಕಾಲು ಬೀಸೋದು ಕತ್ತೆಗೂ ಬರತ್ತೆ. ಮೊದ್ಲು ಬಟ್ಟೆ ಹಿಂಡೋದು ಕಲಿ" ಎನ್ನುತ್ತಿದ್ದಳು. ತಾನೂ ಮಂಡಿಯೂರಿ ನಮ್ಮ ಜೊತೆಗೇ ಒರೆಸುತ್ತಿದ್ದರಿಂದ ಗೊಣಗಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅತ್ತೆಗೆ ಈ ವಿದ್ಯೆ ಕಲಿಸಿದವರು ಒಬ್ಬ ಹಡಗಿನ ಅಡುಗೆಯವರು. ಕರಾಟೆ ಹುಟ್ಟಿದ ದ್ವೀಪದಲ್ಲಿ ವರ್ಷಗಟ್ಟಲೆ ಕಲಿತು, ವಯಸ್ಸಾದ ಮೇಲೆ ನಮ್ಮ ಬಂದರಿನಲ್ಲಿ ಇಳಿದು ಕ್ಯಾಂಟೀನ್ ಇಟ್ಟವರು. ಅಲ್ಲಿ ಪಾತ್ರೆ ತೊಳೆಯಲು ಸೇರಿದ ಹುಡುಗಿ ನನ್ನ ಅತ್ತೆ. ಉಗ್ರಾಣದ ಮೂಟೆಗಳನ್ನು ಬದಿಗೆ ಸರಿಸಿ ಅವರು ಅವಳಿಗೆ ಕಲಿಸಿದರು. ಸಾಯುವ ಮುಂಚೆ ತಮ್ಮ ಕಪ್ಪು ಬೆಲ್ಟನ್ನೇ ಅವಳ ಸೊಂಟಕ್ಕೆ ಕಟ್ಟಿದರು. ಅದರ ಅಂಚು ಸವೆದು ಒಳಗಿನ ಬಿಳಿ ದಾರ ಕಾಣುತ್ತಿತ್ತು. ಊರಿನ ಬಸ್ ಸೀಟುಗಳನ್ನೆಲ್ಲ ಹೊಲಿದ ಕೈ ಆ ಬೆಲ್ಟಿಗೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ನೋಡನೋಡುತ್ತ ಊರಲ್ಲಿ ಕರಾಟೆ ಶಾಲೆಗಳು ನಾಯಿಕೊಡೆಗಳಂತೆ ಎದ್ದವು. ಒಂದರಲ್ಲಿ ಹಾಡು ಹಾಕಿ ಕುಣಿಸುತ್ತಿದ್ದರು. ಇನ್ನೊಂದರಲ್ಲಿ ಹಾಲುಹಲ್ಲು ಬೀಳುವ ಮೊದಲೇ ಕಪ್ಪು ಬೆಲ್ಟು. ಅತ್ತೆ ಮಾತ್ರ ಜಗ್ಗಲಿಲ್ಲ. "ಮೇಷ್ಟ್ರು ಹೇಗೆ ಕೊಟ್ರೋ ಹಾಗೇ ಕೊಡ್ತೀನಿ. ಕೂದಲೆಳೆಯಷ್ಟೂ ಆಚೀಚೆ ಆಗಲ್ಲ."

ಕಟಾ ಎಂದರೆ, ಕಾಣದ ಎದುರಾಳಿಯೊಡನೆ ಏಟು, ತಡೆಗಳನ್ನು ಕ್ರಮವಾಗಿ ಆಡುವ ಪಾಠ. ನಮ್ಮ ದೊಡ್ಡ ಕಟಾದಲ್ಲಿ ತಿರುಗಿದ ಕೂಡಲೇ ಎಡಕ್ಕೊಂದು ಪುಟ್ಟ ಹೆಜ್ಜೆ ಸರಿದು, ಆಮೇಲೆ ಮುನ್ನುಗ್ಗಬೇಕಿತ್ತು. ಬೇರೆ ಶಾಲೆಗಳಲ್ಲಿ ಆ ಹೆಜ್ಜೆ ಇರಲಿಲ್ಲ. "ಅದು ಈಟಿ ತಪ್ಪಿಸ್ಕೊಳ್ಳೋ ಹೆಜ್ಜೆ. ಅವರೆಲ್ಲ ಕಳ್ಕೊಂಡಿದಾರೆ, ನಮ್ಮಲ್ಲಿ ಉಳಿದಿದೆ" ಎಂದು ಅತ್ತೆ ಎದೆಯುಬ್ಬಿಸಿ ಹೇಳುತ್ತಿದ್ದಳು. ನಾವೂ ಬೀಗುತ್ತಿದ್ದೆವು.

ಆದರೆ ಅವಳು ಕೊಡುವ ಬೆಲ್ಟಿಗೆ ಟೈರ್ ಅಂಗಡಿಯ ಮೆಟ್ಟಿಲಿಳಿದರೆ ಬೆಲೆಯಿರಲಿಲ್ಲ. ಶಾಲೆಗಳಲ್ಲಿ ಕರಾಟೆ ಕಲಿಸುವ ಕೆಲಸ ಹಿಡಿಯಬೇಕೆಂದಿದ್ದ ನನಗೆ ಎಲ್ಲ ಕಡೆ ಒಪ್ಪುವ ಬೆಲ್ಟು ಬೇಕಿತ್ತು. ನನ್ನ ಕಾಟ ತಾಳಲಾರದೆ ಅತ್ತೆ, ತನ್ನ ಮೇಷ್ಟ್ರು ಕಲಿತ ಮೂಲ ಶಾಲೆಯಿಂದಲೇ ಪರೀಕ್ಷಕರನ್ನು ಕರೆಸಿದಳು. ಅವರು ಒಪ್ಪಿದರೆ ನಮ್ಮ ಬೆಲ್ಟು ಲೋಕಕ್ಕೆಲ್ಲ ಸಲ್ಲುತ್ತಿತ್ತು. ಒಪ್ಪದಿದ್ದರೆ, ಅತ್ತೆ ಜೀವಮಾನವೆಲ್ಲ ಕಾಪಾಡಿಕೊಂಡು ಬಂದದ್ದು ಬೊಗಳೆ ಎಂದು ಊರು ಆಡಿಕೊಳ್ಳುತ್ತಿತ್ತು.

ಬಂದವರು ಬಿಳಿ ಗಡ್ಡದ, ಮೆದುಮಾತಿನ ಮುದುಕರು. ದೇಶ ದೇಶ ಸುತ್ತಿದ್ದರಿಂದ ಅವರಿಗೆ ನಮ್ಮ ಭಾಷೆಯೂ ತಕ್ಕಮಟ್ಟಿಗೆ ಬರುತ್ತಿತ್ತು. ನಾವೆಲ್ಲ ಕಟಾ ಮಾಡಿ ಮುಗಿಸಿದ ಮೇಲೆ ಅವರು ಅತ್ತೆಯ ಕಡೆ ತಿರುಗಿದರು. "ಎಲ್ಲಾ ಚೆನ್ನಾಗಿದೆ. ಆದ್ರೆ ಆ ಎಡಗಡೆ ಹೆಜ್ಜೆ ಎಲ್ಲಿಂದ ಬಂತು? ನಿಮ್ಮ ಮೇಷ್ಟ್ರೂ ನಾನೂ ಒಟ್ಟಿಗೇ ಕಲಿತೋರು. ಅಲ್ಲಿ ಅದಿರಲಿಲ್ಲ."

ಅತ್ತೆಯ ಮುಖ ಕೆಂಪಾಯಿತು. ಮುಗೀತು ಕಥೆ, ಇನ್ನು ಈ ಗಡ್ಡಕ್ಕೆ ಉಳಿಗಾಲವಿಲ್ಲ ಎಂದುಕೊಂಡೆ. ಅವಳೋ ನಡುಮಧ್ಯೆ ಬಂದು, ಕಣ್ಣು ಮುಚ್ಚಿ, ಕಟಾ ಶುರುಮಾಡಿದಳು. ತಿರುಗಿದಳು, ಎಡಕ್ಕೆ ಸರಿದಳು, ಅಲ್ಲೇ ನಿಂತುಬಿಟ್ಟಳು. ಬಲಗೈ ಚಾಚಿ ಗಾಳಿಯಲ್ಲಿ ಏನನ್ನೋ ತಡವಿದಳು.

"ಇಲ್ಲಿ ಕಂಬ ಇತ್ತು" ಎಂದಳು. "ಉಗ್ರಾಣದ ನಡುವೆ, ಕಬ್ಬಿಣದ ಕಂಬ. ಮೇಷ್ಟ್ರು ಅದನ್ನ ಬಳಸಿ ಹೋಗ್ತಿದ್ರು. ನಾನೂ ಹಾಗೇ ಹೋದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಈಟಿಯೂ ಇಲ್ಲ, ಗೀಟಿಯೂ ಇಲ್ಲ. ಕಂಬಕ್ಕೆ ಹಣೆ ಬಡಿಯದಿರಲೆಂದು ಸರಿದ ಹೆಜ್ಜೆಯನ್ನು ನಾವು ಇಷ್ಟು ವರ್ಷ ಭಕ್ತಿಯಿಂದ ಕಾಪಾಡಿದ್ದೆವು! ಅತ್ತೆಯೂ ನಕ್ಕಳು. ನಕ್ಕು, ಆ ಸವೆದ ಬೆಲ್ಟನ್ನು ಬಿಚ್ಚಿ, ಮಡಿಸಿ, ಪರೀಕ್ಷಕರ ಮುಂದಿಟ್ಟು ಬಾಗಿದಳು.

"ಸರಿಯಾದ್ದು ಹೇಳ್ಕೊಡಿ. ಇವರ ಜೊತೆ ನನಗೂ ಪರೀಕ್ಷೆ ಮಾಡಿ."

ಅವರು ಗಾಬರಿಯಾದರು. "ಬೇಡಮ್ಮ, ಅಂಥ ದೊಡ್ಡ ತಪ್ಪೇನಲ್ಲ. ಬೆಲ್ಟು ಕಟ್ಕೊಳ್ಳಿ."

"ತಪ್ಪು ತಿದ್ಕೊಳ್ಳೋವರೆಗೆ ಬೆಲ್ಟಿಲ್ಲ ಅಂತ ಇವರಿಗೆಲ್ಲ ನಾನೇ ಹೇಳಿದೀನಿ. ಇವರಿಗೊಂದು ನ್ಯಾಯ, ನನಗೊಂದು ನ್ಯಾಯನಾ?"

ನಮ್ಮಲ್ಲಿ ಹಿರಿಯರು ಸಾಲಿನ ಬಲತುದಿಗೆ, ಹೊಸಬರು ಎಡತುದಿಗೆ ನಿಲ್ಲುವುದು ಪದ್ಧತಿ. ಅತ್ತೆ ಹೊಸಬರ ಬಿಳಿ ಬೆಲ್ಟು ಕಟ್ಟಿಕೊಂಡು ಎಡತುದಿಗೆ ಹೋಗಿ ನಿಂತಳು. ಆ ಕ್ಷಣ ಅವಳ ಮೇಲೆ ಉಕ್ಕಿದ ಅಭಿಮಾನ ನನಗೆ ಇಂದಿಗೂ ಇಳಿದಿಲ್ಲ. ವಾರವಿಡೀ ಪರೀಕ್ಷಕರು ನಮ್ಮನ್ನು ತಿದ್ದಿದರು. ಅತ್ತೆಯಂತೂ ಊಟದ ಬಿಡುವಿನಲ್ಲಿ ಡಿಪೋದ ಬಸ್ಸುಗಳ ನಡುವೆಯೂ ಕಟಾದ ಆ ತಿರುವನ್ನೇ ಮತ್ತೆ ಮತ್ತೆ ತಿರುಗುತ್ತಿದ್ದಳಂತೆ. ಸೂಜಿಗೆ ತಲೆ ಕೆಟ್ಟಿದೆ ಎಂದು ಡ್ರೈವರುಗಳು ಮಾತಾಡಿಕೊಂಡರು.

ವಾರದ ಕೊನೆಗೆ ಮತ್ತೆ ಪರೀಕ್ಷೆ. ನಾವೆಲ್ಲ ಪಾಸು. ಕಡೆಯಲ್ಲಿ ಅತ್ತೆ ಎದ್ದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಕಟಾ ಸಾಗಿತು. ತಿರುಗಿದಳು. ಕಾಲು ತಾನಾಗಿಯೇ ಎಡಕ್ಕೆ ಸರಿಯಿತು.

ಪರೀಕ್ಷಕರು ಬೇಕೆಂದೇ ಕಿಟಕಿಯಾಚೆ ನೋಡಿದರು.

"ನೋಡ್ಲಿಲ್ಲ ಅನ್ಬೇಡಿ" ಎಂದಳು ಅತ್ತೆ. "ಫೇಲು."

ಅವರು ನಮಗೆ ಕೊಡಬೇಕಾದ ಕಪ್ಪು ಬೆಲ್ಟುಗಳನ್ನು ಅವಳ ಕೈಗೇ ಇಟ್ಟರು. "ಇವನ್ನ ಕಟ್ಟಬೇಕಾದೋರು ನೀವೇ."

ಅತ್ತೆ ನನ್ನ ಮುಂದೆ ಬಂದು ಮಂಡಿಯೂರಿದಳು. ನನ್ನ ಕಣ್ಣು ಮಂಜಾಗಿತ್ತು. "ಅತ್ತೆ, ಬೇಕಂತಲೇ ತಪ್ಪು ಮಾಡ್ದೆ ತಾನೇ? ಮೇಷ್ಟ್ರಿಗೋಸ್ಕರ?" ಎಂದು ಪಿಸುಗುಟ್ಟಿದೆ.

"ಹುಚ್ಚಿ, ಬೇಕಂತ ಯಾರಾದ್ರೂ ಫೇಲಾಗ್ತಾರಾ? ಕಾಲು ಮಾತು ಕೇಳ್ತಿಲ್ಲ ಕಣೇ. ಅದಕ್ಕಿನ್ನೂ ಕಂಬ ಕಾಣ್ತಿದೆ." ಗಂಟನ್ನೊಮ್ಮೆ ಜಗ್ಗಿ ಬಿಗಿಮಾಡಿದಳು. "ನಾಳೆಯಿಂದ ನೀನೇ ನನ್ನ ತಿದ್ದು. ಅತ್ತೆ ಅಂತ ಮುಖ ನೋಡ್ಬೇಡ."

ಹಾಗೆಂದು ಎದ್ದು, ಎಡತುದಿಯ ತನ್ನ ಜಾಗಕ್ಕೆ ಹೋಗಿ ನಿಂತಳು.